ಗಡ್ಡಕ್ಕೊಂದು ನಾಂದಿ

ತಮ್ಮನ ಮಗ ಹೆಣ್ಣು ನೋಡುವುದಕ್ಕೆಂದು ಶನಿವಾರ ರಾತ್ರಿ ಬೆಂಗಳೂರಿನಿಂದ ಮೈಸೂರಿಗೆ ಬಂದ. ಕೆಜಿಎಫ್ ಸಿನಿಮಾ ತೆರೆಗೆ ಬಂದ 2018ರಿಂದ ಈಚೆಗೆ ಅವನ ಗಲ್ಲ ಹೇಗಿತ್ತು ಎಂಬುದು ಹೆತ್ತವರಿಗೂ ಮರೆತುಹೋಗಿದೆ. ಅಂಥವನು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ, "ದೊಡ್ಡಮ್ಮಾ, ಬೆಳಿಗ್ಗೆ ಷೇವ್ ಮಾಡ್ಕೋಬೇಕು, ಬಚ್ಚಲುಮನೆ ಸ್ವಲ್ಪ ಹೊತ್ತು ಬೇಕಾಗುತ್ತೆ" ಅಂದಾಗ ನನ್ನ ಹೆಂಡತಿ ಚಾಮುಂಡಿಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದಳು.

ಮಲಗುವ ಮುಂಚೆಯೇ ಬಚ್ಚಲ ಗೂಡಿನಲ್ಲಿ ಸಾಮಾನು ಜೋಡಿಸಿಟ್ಟ. ನನ್ನ ಹಲ್ಲುಜ್ಜುವ ಬ್ರಷ್ಷು, ಅವಳ ಸೀಗೆಪುಡಿ ಡಬ್ಬ ಎರಡೂ ನೆಲಕ್ಕಿಳಿದವು. ಮುಖ ತೊಳೆಯುವ ಜೆಲ್, ಮುಖ ತಿಕ್ಕಲು ಬನ್ಸಿರವೆಯಂಥ ಸ್ಕ್ರಬ್, ಷೇವ್‌ಗೆ ಮುಂಚಿನ ಎಣ್ಣೆ, ಆ ಎಣ್ಣೆಯ ಮೇಲೆ ಹಚ್ಚುವ ಕ್ರೀಮು, ಮರದ ಬಟ್ಟಲಲ್ಲಿ ಸೋಪು, ಬಿಸಿನೀರಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಳ್ಳಲು ಎರಡು ಟವೆಲ್ಲು, ಬ್ಯಾಜರ್ ಎಂಬ ಪ್ರಾಣಿಯ ಕೂದಲಿನ ಬ್ರಷ್ಷು. ಒಂದು ಪ್ರಾಣಿಯ ಕೂದಲು ತೆಗೆಯಲು ಇನ್ನೊಂದು ಪ್ರಾಣಿಯ ಕೂದಲು! ಎಣ್ಣೆಯ ಸೀಸೆ ನನ್ನ ಹೆಬ್ಬೆಟ್ಟಿನಷ್ಟಿತ್ತು, ಬೆಲೆ ಆರುನೂರು ರೂಪಾಯಿ. ಕನ್ನಡಕ ಏರಿಸಿ ಹಿಂದಿನ ಚೀಟಿ ಓದಿದೆ: ಹರಳೆಣ್ಣೆ, ಕೊಬ್ಬರಿ ಎಣ್ಣೆ, ಸುಗಂಧ. ನರಕ ಚತುರ್ದಶಿಯ ದಿನ ನಮ್ಮಜ್ಜಿ ಬಟ್ಟಲುಗಟ್ಟಲೆ ತಂದು ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ, ಇಂಗ್ಲಿಷ್ ಕಲಿತು ವಾಪಸು ಬಂದಿದೆ.

ಇಷ್ಟರ ನಡುವೆ ರೇಜರ್ ಎಲ್ಲಿ ಎಂದು ಹುಡುಕಬೇಕಾಯಿತು. ಓಲಗದವರು, ಅಡಿಗೆಯವರು, ಫೋಟೋದವರು ತುಂಬಿದ ಛತ್ರದಲ್ಲಿ ಗಂಡು ಎಲ್ಲೋ ಮೂಲೆಯಲ್ಲಿ ಹಸಿದು ಕೂತಿರುತ್ತಾನಲ್ಲ, ಹಾಗೆ ಗೋಡೆಗೆ ಒರಗಿಕೊಂಡಿತ್ತು.

"ಇಷ್ಟೆಲ್ಲ ಬೇಕೇನೋ?"

"ಗಡ್ಡ ಅಂದ್ರೆ ಏನಂದ್ಕೊಂಡಿದ್ದೀರಿ ದೊಡ್ಡಪ್ಪ? ಕೂದಲು ಬ್ಲೇಡನ್ನೇ ಚಕ್ಕೆ ಎಬ್ಬಿಸುತ್ತೆ. ಎಂಐಟಿಯವರೇ ಹೇಳಿದ್ದಾರೆ."

ಹುಡುಗ ಹೇಳಿದ್ದು ಸುಳ್ಳಲ್ಲ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕನೊಬ್ಬ ತನ್ನ ಗಡ್ಡವನ್ನೇ ಹೆರೆದುಕೊಂಡು, ಹೆರೆದಾಗಲೆಲ್ಲ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಉಕ್ಕು ಕೂದಲಿಗಿಂತ 50 ಪಟ್ಟು ಗಟ್ಟಿ. ಆದರೂ ಅಂಚು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಕೂದಲು ಬಾಗಿ ಓರೆಯಾಗಿ ತಗುಲಿದ ಜಾಗದಲ್ಲಿ ಉಕ್ಕಿನ ಒಳರಚನೆ ಒಂದೇ ಸಮ ಇರದಿದ್ದರೆ ಹೀಗಾಗುತ್ತದೆ. ಸರಿಯೇ. ಅದನ್ನು ಕಂಡ ವಿಜ್ಞಾನಿ ಒಳ್ಳೆಯ ಉಕ್ಕು ಮಾಡುವುದು ಹೇಗೆ ಎಂದು ಯೋಚಿಸಿದ. ಅದನ್ನು ಓದಿದ ನಮ್ಮವನು ಟವೆಲ್ಲು ತರಿಸಿದ.

ಗಡ್ಡಕ್ಕೆ ಬೇಕಾದದ್ದು ನೀರು. ಕೂದಲೂ ಉಗುರಿನ ಹಾಗೆ ಕೆರಾಟಿನ್. ಸ್ನಾನ ಮಾಡಿ ಬಂದಾಗ ಉಗುರು ಎಷ್ಟು ಸಲೀಸಾಗಿ ತುಂಡಾಗುತ್ತದೆ ನೋಡಿ. ಬೆಚ್ಚಗಿನ ನೀರಲ್ಲಿ ಎರಡು ಮೂರು ನಿಮಿಷ ನೆನೆದರೆ ಕೂದಲು ಉಬ್ಬಿ ಮೆತ್ತಗಾಗುತ್ತದೆ. ಆ ತೇವ ಆರದಂತೆ ಹಿಡಿದಿಡುವುದು, ಬ್ಲೇಡು ಜಾರುವಂತೆ ಮಾಡುವುದು ನೊರೆಯ ಕೆಲಸ. ಮುಗಿಯಿತು. ಇಡ್ಲಿಗೆ ಉದ್ದು ನೆನೆಹಾಕುವವಳು ಮೊದಲು ಅದಕ್ಕೆ ಎಣ್ಣೆ ಹಚ್ಚಿ, ರವೆಯಲ್ಲಿ ತಿಕ್ಕಿ, ಟವೆಲ್ ಸುತ್ತಿ ಕೂರಿಸುವುದನ್ನು ನಾನಂತೂ ಕಂಡಿಲ್ಲ.

ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆಯೂ ಇಷ್ಟೇ ಸಪ್ಪೆ: ಸ್ನಾನವಾದ ಕೂಡಲೇ ಷೇವ್ ಮಾಡಿ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಸ್ನಾನವಾದ ಮೇಲೆ! ನಮ್ಮಪ್ಪನ ಕಿವಿಗೆ ಬಿದ್ದಿದ್ದರೆ ಇನ್ನೊಂದು ಸಲ ಸ್ನಾನ ಮಾಡುತ್ತಿದ್ದರು. ಕ್ಷೌರವೆಂದರೆ ಮೈಲಿಗೆ, ಅದು ಮುಗಿದ ಮೇಲೆ ಸ್ನಾನ, ಅಲ್ಲಿಯತನಕ ಒಳಗೆ ಏನನ್ನೂ ಮುಟ್ಟುವ ಹಾಗಿಲ್ಲ. ಕ್ಷೌರಿಕನ ಕೈ ತಾಗಿದರೆ ಮೈಲಿಗೆಯಾಗುವ ಮಂದಿ, ಅದೇ ಕೈಯ ಕತ್ತಿಗೆ ಕಣ್ಣು ಮುಚ್ಚಿಕೊಂಡು ಗಂಟಲು ಒಪ್ಪಿಸುತ್ತಿದ್ದರು. ಮಡಿ ಹೋಗುತ್ತದೆಂಬ ಭಯ ಪ್ರಾಣ ಹೋಗುತ್ತದೆಂಬ ಭಯಕ್ಕಿಂತ ದೊಡ್ಡದು. ಆಮೇಲಾಮೇಲೆ ಅಪ್ಪ ಮನೆಯಲ್ಲೇ ಶುರುಮಾಡಿದರು. ಹಂಡೆಯಿಂದ ಒಂದು ಚೊಂಬು ಬಿಸಿನೀರು, ಗೋದ್ರೇಜ್ ಸೋಪು, ಕಿಟಕಿಯ ಸರಳಿಗೆ ಸಿಕ್ಕಿಸಿದ ಕನ್ನಡಿ. ಮೊಂಡಾದ ಟೋಪಾಜ್ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಒತ್ತಿ ಅತ್ತಿತ್ತ ಉಜ್ಜಿ ಮತ್ತೆರಡು ವಾರ ಎಳೆಯುತ್ತಿದ್ದರು. ಅವರ ಪ್ರಕಾರ ಸಿದ್ಧತೆ ಬೇಕಾಗಿದ್ದದ್ದು ಬ್ಲೇಡಿಗೆ, ಗಡ್ಡಕ್ಕಲ್ಲ.

ಜಿಲೆಟ್ ಎಂಬ ಪುಣ್ಯಾತ್ಮ ಬಿಸಾಡುವ ಬ್ಲೇಡನ್ನು ಮಾರುಕಟ್ಟೆಗೆ ತಂದಾಗ, 1903ರಲ್ಲಿ, ಮೊದಲ ವರ್ಷ ಹೋಗಿದ್ದು 51 ರೇಜರು, 168 ಬ್ಲೇಡು. ಸಾಣೆ ಹಿಡಿಯುವುದು ಬೇಡ, ಚರ್ಮದ ಪಟ್ಟಿಗೆ ತೀಡುವುದು ಬೇಡ, ಎದ್ದವನೇ ಹೆರೆದುಕೊಂಡು ಕೆಲಸಕ್ಕೆ ಹೋಗು ಎಂಬುದೇ ಆ ಸರಕಿನ ಆಕರ್ಷಣೆ. 1971ರಲ್ಲಿ ಅದೇ ಕಂಪನಿಯ ರೇಜರಿನಲ್ಲಿ ಬ್ಲೇಡು ಎರಡಾಯಿತು, 1998ರಲ್ಲಿ ಮೂರು, 2006ರಲ್ಲಿ ಐದು. ಆಳು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯಬೇಕು ತಾನೇ? ಬ್ಲೇಡು ಐದಾದ ಮೇಲೆ ಗಡ್ಡಕ್ಕೆ ಎಣ್ಣೆ, ಕ್ರೀಮು, ಶಾಖ ಎಲ್ಲ ಬೇಕಾಯಿತು. ಐದು ಜನ ಇಂಜಿನಿಯರು ನಿಂತು ನೋಡುವ ರಸ್ತೆಗುಂಡಿಯ ಹಾಗೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹುಡುಗ ಒಳಗೆ ಹೋದ. ಏಳೂಕಾಲಾದರೂ ನೀರಿನ ಸದ್ದೇ. ಬಾಗಿಲು ತಟ್ಟಿದರೆ, "ಪ್ರಿಪರೇಷನ್ ನಡೀತಿದೆ ದೊಡ್ಡಪ್ಪಾ" ಎಂದು ಕೆಎಎಸ್ ಮುಖ್ಯ ಪರೀಕ್ಷೆಗೆ ಕೂತವನ ಧ್ವನಿಯಲ್ಲಿ ಉತ್ತರ ಬಂತು. ನನ್ನ ಗಡ್ಡದ ಗತಿ? ಚಪ್ಪಲಿ ಮೆಟ್ಟಿ ಬೀದಿ ಕೊನೆಯ ಸಲೂನಿಗೆ ನಡೆದೆ. ಆಗಷ್ಟೇ ಷಟರ್ ಎತ್ತಿ ಊದಿನಕಡ್ಡಿ ಹಚ್ಚಿದ್ದರು.

"ಬನ್ನಿ ಮೇಷ್ಟ್ರೇ" ಎಂದು ಕುರ್ಚಿ ಕೊಡವಿ, ಸ್ಪ್ರೇ ಬಾಟಲಿಯಿಂದ ಫಸ್ ಫಸ್ ಎಂದು ನಾಲ್ಕು ಸಲ ನೀರು ಹೊಡೆದು, ಅಂಗೈಯಲ್ಲಿ ಗಲ್ಲ ತೀಡಿದರು. ಕಡಲೆಕಾಳಿನಷ್ಟು ಕ್ರೀಮು, ಬ್ರಷ್ಷು, ನೊರೆ. ಬ್ರಷ್ಷು ಆಡಿಸುತ್ತಾ ಆಡಿಸುತ್ತಾ ಕಾರ್ಪೊರೇಷನ್ ಚುನಾವಣೆ, ನಂಜನಗೂಡಿನ ಮಾವನ ಸೈಟಿನ ತಕರಾರು, ಮಗಳ ಪಿಯುಸಿ ಮಾರ್ಕ್ಸು. ನಲವತ್ತು ವರ್ಷ ಪಾಠ ಹೇಳಿದ ನನಗೆ ಆವತ್ತೇ ಗೊತ್ತಾಗಿದ್ದು: ಅದು ಹರಟೆಯಲ್ಲ, ಗಡಿಯಾರ. ಮಾವನ ಸೈಟು ಕೋರ್ಟು ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ಮೂರು ನಿಮಿಷ ಆಗಿರುತ್ತದೆ, ಗಡ್ಡ ನೆನೆದಿರುತ್ತದೆ. ಮಾತು ಅಲ್ಲಿಗೇ ನಿಲ್ಲಿಸಿ, ಕಾಗದದ ಸಮೇತ ಬ್ಲೇಡನ್ನು ಲಟಕ್ಕನೆ ಎರಡು ಹೋಳು ಮಾಡಿ ಒಂದನ್ನು ಕತ್ತಿಗೆ ಸಿಕ್ಕಿಸಿದರು. ಕಿವಿಯಿಂದ ಕೆಳಗೆ ಒಂದೇ ಎಳೆತ. ಕೊನೆಗೆ ಪಟಿಕದ ತುಂಡು, ಚುರ್ ಎಂದಿತು. ಗಡ್ಡಕ್ಕೆ ಮುಂಚೆ ಏನೇನು ಹಚ್ಚಬೇಕು ಯಜಮಾನ್ರೇ ಎಂದು ಕೇಳಿದೆ. "ನೀರು ಹಾಕಿದ್ನಲ್ಲ ಮೇಷ್ಟ್ರೇ" ಎಂದು ನನ್ನ ಮುಖವನ್ನು ಅನುಮಾನದಿಂದ ನೋಡಿದರು.

ಮನೆಗೆ ಬಂದೆ, ಕಾಫಿ ಕುಡಿದೆ, ಪೇಪರು ಮೊದಲನೆಯ ಪುಟದಿಂದ ಆಟದ ಪುಟಕ್ಕೆ ಬಂತು. ಹೆಂಡತಿ ಸೋಲಾರ್ ನಲ್ಲಿಗೆ ಕೈಯೊಡ್ಡಿ ನೋಡಿ, "ರೀ, ಬಿಸಿನೀರು ಪೂರ್ತಿ ಖಾಲಿ" ಅಂದಳು. ಗಂಡಿನ ಮುಖ ಹೊಳೆಯುವುದಾದರೆ ಹೋಗಲಿ ಎಂದು ಅವಳೇ ಸಮಾಧಾನವನ್ನೂ ಹೇಳಿಕೊಂಡಳು.

ಏಳೂ ಐವತ್ತಕ್ಕೆ ಬಾಗಿಲು ತೆರೆಯಿತು. ಹಬೆಯ ನಡುವಿನಿಂದ, ತಿರುಪತಿಯ ಬಾಗಿಲು ತೆಗೆದ ಹಾಗೆ, ಹುಡುಗ ಕಾಣಿಸಿಕೊಂಡ. ಗಡ್ಡ ಹಾಗೇ ಇತ್ತು. ಎದೆಯ ಮೇಲೆ ಗಂಭೀರವಾಗಿ ಕೂತಿತ್ತು.

"ಇನ್ನೂ ಶುರುನೇ ಮಾಡಿಲ್ವೇನೋ?" ಅಂದಳು ಇವಳು.

"ಮುಗೀತಲ್ಲ ದೊಡ್ಡಮ್ಮ. ನೋಡಿ, ಲೈನ್ ಎಷ್ಟು ನೀಟಾಗಿ ಬಂದಿದೆ." ಕೆನ್ನೆಯ ಮೇಲೆ ಅರ್ಧ ಬೆರಳು, ಕುತ್ತಿಗೆಯಲ್ಲಿ ಎರಡು ಬೆರಳು. ಹೊಲ ಹಾಗೇ ಬಿಟ್ಟು ಬದು ಕೆತ್ತಿಕೊಂಡು ಬಂದಿದ್ದ.

ಅವಳು ಚಾಮುಂಡಿಬೆಟ್ಟದ ಕಡೆಗೆ ಇನ್ನೊಮ್ಮೆ ನೋಡಿದಳು. ಆಮೇಲೆ, "ಸರಿ, ದೇವರಮನೆಗೆ ಬರೋ ಮುಂಚೆ ಸ್ನಾನ ಮಾಡ್ಕೊಂಡು ಬಾ" ಅಂದಳು.

"ಮಾಡಿದ್ನಲ್ಲ. ಷೇವ್‌ಗೆ ಮುಂಚೆ ಹಾಟ್ ಷವರ್ ತಗೋಬೇಕು, ಅದೇ ಮೊದಲ ಸ್ಟೆಪ್ಪು."

"ಅದು ಗಡ್ಡಕ್ಕೆ ಮಾಡಿಸಿದ್ದು. ಈಗ ನೀನು ಮಾಡ್ಕೋ. ತಣ್ಣೀರಿದೆ."