ಕೋಪಕ್ಕೆ ವಿತ್, ಭಯಕ್ಕೆ ಆಫ್

ಕನ್ನಡದಲ್ಲಿ ಕೋಪ ಮಾಡಿಕೊಳ್ಳುವುದು ಸಲೀಸು. ಯಾರ ಮೇಲಾದರೂ ಮಾಡಿಕೊಂಡರೆ ಆಯಿತು. ಕೋಪವೊಂದೇ ಏಕೆ, ಪ್ರೀತಿ, ಆಸೆ, ಅನುಮಾನ, ಹೊಟ್ಟೆಕಿಚ್ಚು, ಕೊನೆಗೆ ಆಣೆ ಕೂಡ ಯಾರದಾದರೂ ‘ಮೇಲೆ’ಯೇ. ಇದಕ್ಕೆ ಒಗ್ಗದೆ ಉಳಿದದ್ದಕ್ಕೆ ‘ಕಂಡರೆ’ ಇದೆ. ಹಾವು ಕಂಡರೆ ಭಯ, ಮೊಮ್ಮಗನನ್ನು ಕಂಡರೆ ಪ್ರಾಣ, ವಾರಗಿತ್ತಿಯನ್ನು ಕಂಡರೆ ಆಗದು. ಈ ಎರಡರಲ್ಲೇ ಇಡೀ ಸಂಸಾರ ಸಾಗಿಬಿಡುತ್ತದೆ.

ಇಂಥ ಸುಖದಲ್ಲಿ ಬೆಳೆದ ಮಕ್ಕಳಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ‘ಮೇಡಂ, ಡೋಂಟ್ ಬಿ ಆಂಗ್ರಿ ಆನ್ ಮಿ’ ಎಂದು ಅವರು ಕೈಮುಗಿದಾಗ ನಾನು ಬೋರ್ಡಿನತ್ತ ತಿರುಗುತ್ತೇನೆ. ಮನುಷ್ಯರಾದರೆ ಆಂಗ್ರಿ ವಿತ್, ಸಂಗತಿಯಾದರೆ ಆಂಗ್ರಿ ಅಬೌಟ್. ಹಿಂದಿನ ಬೆಂಚಿನ ಹುಡುಗ ಎದ್ದು, ‘ಸಿಟ್ಟು ಬಂದ್ಮೇಲೆ ಇನ್ನು ಜೊತೆ ಎಲ್ಲಿ ಮೇಡಂ?’ ಅಂದ. ನ್ಯಾಯವಾದ ಪ್ರಶ್ನೆ. ಕೂತ್ಕೋ ಅಂದೆ.

ಆಫ್‌ನದು ದೊಡ್ಡ ಕೂಡುಕುಟುಂಬ. ಅಫ್ರೈಡ್, ಜೆಲಸ್, ಫಾಂಡ್, ಅಶೇಮ್ಡ್, ಪ್ರೌಡ್ ಎಲ್ಲವೂ ಅಲ್ಲೇ. ಆದರೆ ಚಿಂತೆಗೆ ಅಬೌಟ್, ಆಸಕ್ತಿಗೆ ಇನ್, ಆಶ್ಚರ್ಯಕ್ಕೆ ಅಟ್ ಅಥವಾ ಬೈ. ಹೆಮ್ಮೆಯಂತೂ ಪ್ರೌಡ್ ಆಗಿರುವವರೆಗೆ ಆಫ್ ಜೊತೆಗಿದ್ದು, ಪ್ರೈಡ್ ಆದ ಕೂಡಲೇ ಇನ್ ಕಡೆಗೆ ಪಕ್ಷಾಂತರ ಮಾಡುತ್ತದೆ. ಬೇಜಾರಿಗೆ ಬೋರ್ಡ್ ವಿತ್ ಎಂದು ಹಳೆಯ ಮೇಷ್ಟ್ರುಗಳು ಉರು ಹೊಡೆಸಿದರು. ಈಗ ಇಂಗ್ಲೆಂಡಿನ ಹುಡುಗರೇ ಬೋರ್ಡ್ ಆಫ್ ಅನ್ನುತ್ತಾರೆ. ಏಕೆ ಅಂತ ಕೇಳಬಾರದು. ರೆನ್ ಅಂಡ್ ಮಾರ್ಟಿನ್ ಪುಸ್ತಕದಲ್ಲಿ ಪಟ್ಟಿ ಇದೆ, ಬಾಯಿಪಾಠ ಮಾಡಬೇಕು, ಅಷ್ಟೇ.

ಅಪಾಸ್ಟ್ರಫಿಯ ಕಥೆ ಇದಕ್ಕೆ ತಿರುವುಮುರುವು. ಅದಕ್ಕೆ ಕಾರಣವಿದೆ, ಸದ್ದಿಲ್ಲ. ಒಬ್ಬ ಹುಡುಗನದಾದರೆ ಎಸ್‌ಗೆ ಮುಂಚೆ, ಹಲವು ಹುಡುಗರದಾದರೆ ಎಸ್ ಆದ ಮೇಲೆ. ಚಿಲ್ಡ್ರನ್, ಮೆನ್ ಇಂಥವು ಬಹುವಚನವಾದರೂ ಮತ್ತೆ ಮುಂಚೆ. ಕಿವಿಗೆ ಮಾತ್ರ ಬಾಯ್ಸ್ ಎಂದರೆ ಬಾಯ್ಸ್, ಎಲ್ಲಿಟ್ಟರೂ ಒಂದೇ.

ಸೆಪ್ಟೆಂಬರ್ 5ರ ಟೀಚರ್ಸ್ ಡೇ ಫ್ಲೆಕ್ಸ್ ಮಾಡಿಸಲು ಹೋಗಿದ್ದೆ. ಡಿಟಿಪಿ ಹುಡುಗ ಕರ್ಸರ್ ಆಡಿಸುತ್ತಾ, ‘ಮೇಡಂ, ಈ ಮೇಲಿನ ಕಾಮಾ ಮುಂಚೆನಾ, ಆಮೇಲಾ?’ ಅಂದ.

‘ಆಮೇಲೆ. ನಾವು ತುಂಬಾ ಜನ ಇದ್ದೀವಲ್ಲಪ್ಪ.’

‘ಎಷ್ಟು ಜನ ಇದ್ರೂ ಓದೋದು ಒಂದೇ ತರ ಅಲ್ವಾ?’

ಮಾರನೇ ದಿನ ಫ್ಲೆಕ್ಸ್ ಬಂದಾಗ ಕಾಮಾ ಎಸ್‌ಗೆ ಮುಂಚೆಯೇ ಕೂತಿತ್ತು. ಹಾಗೆಂದರೆ ಆ ದಿನ ಒಬ್ಬರೇ ಟೀಚರದ್ದು. ಹೆಡ್‌ಮಾಸ್ಟರು ಅದು ತಮ್ಮದೇ ಎಂಬ ಗತ್ತಿನಲ್ಲಿ ಶಾಲು ಹೊದ್ದು ನಿಂತರು.

ಅಮೆರಿಕದಲ್ಲಿ ಮದರ್ಸ್ ಡೇ ಶುರುಮಾಡಿದ ಆನಾ ಜಾರ್ವಿಸ್ ಮಾತ್ರ ಆ ಚಿಹ್ನೆ ಎಸ್‌ಗೆ ಮುಂಚೆಯೇ ಇರಬೇಕೆಂದು ಹಟ ಹಿಡಿದಿದ್ದರು. ಪ್ರತಿ ಮನೆಯೂ ಗೌರವಿಸಬೇಕಾದ್ದು ತನ್ನ ಒಬ್ಬಳೇ ತಾಯಿಯನ್ನು, ಊರಿನ ತಾಯಂದಿರನ್ನೆಲ್ಲ ಅಲ್ಲ ಎಂಬುದು ಅವರ ವಾದ. ಅಷ್ಟು ಖಚಿತವಾದ ತಲೆ ಇಂಗ್ಲೆಂಡಿಗೇ ಇಲ್ಲ. ಲಂಡನ್ನಿನ ಸುರಂಗ ರೈಲಿನ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಅಪಾಸ್ಟ್ರಫಿ ಉಂಟು, ಹತ್ತಿರದ ಬ್ಯಾರನ್ಸ್ ಕೋರ್ಟಿಗೆ ಇಲ್ಲ. 2012ರಲ್ಲಿ ಪುಸ್ತಕದಂಗಡಿಯಾದ ವಾಟರ್‌ಸ್ಟೋನ್ಸೇ ತನ್ನ ಹೆಸರಿನಿಂದ ಅದನ್ನು ಕಿತ್ತುಹಾಕಿತು. ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು ಅದರ ರಕ್ಷಣೆಗೆಂದೇ 2001ರಲ್ಲಿ ಒಂದು ಸಂಘ ಕಟ್ಟಿದ್ದರು. 2019ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನವೇ ಗೆದ್ದವು ಎಂದು ಹೇಳಿ ಬಾಗಿಲು ಹಾಕಿದರು.

ಪಾಲಕರಲ್ಲಿ ನನ್ನದೊಂದು ಮನವಿ. ಅಪಾಸ್ಟ್ರಫಿಗೆ ಅರ್ಧ ಅಂಕ ಹೋಯಿತೆಂದು ಶಾಲೆಗೆ ಜಗಳಕ್ಕೆ ಬರಬೇಡಿ, ಅದಕ್ಕೆ ನನ್ನ ಹತ್ತಿರ ಉತ್ತರವಿದೆ. ಪ್ರಿಪೊಸಿಷನ್‌ಗೆ ಹೋದ ಅಂಕಕ್ಕಾದರೆ ಧಾರಾಳವಾಗಿ ಬನ್ನಿ, ಕೊಟ್ಟು ಕಳಿಸುತ್ತೇನೆ.