ಎಂಜಿನ್ನಿಗೆ ಅಭ್ಯಂಗ ಮಾಡಿಸುವ ಮಾಷ್ಟ್ರು

ಆಯುಧ ಪೂಜೆ ಹತ್ತಿರ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವ ಊರಲ್ಲಾದರೂ ಈ ಮಾಷ್ಟ್ರು ಕಾಣಸಿಗುತ್ತಾರೆ. ನಿವೃತ್ತಿಯಾದದ್ದು ಶಾಲೆಯಿಂದ, ತಿದ್ದುವ ಕೆಲಸದಿಂದ ಅಲ್ಲ. ಈಗ ಎದುರಿಗೆ ಮಕ್ಕಳಿಲ್ಲ, ಕಾರಿದೆ. ಪೈಂಟು ಫಳಫಳ ಎಂದರೂ ಸಮಾಧಾನವಿಲ್ಲ. “ಹೊರಗೆ ಬೆಳಗಿದರೆ ಎಂತ ಬಂತು? ಒಳಗೆ ಇಡೀ ಕೆಂಪು ಮಣ್ಣು ಉಂಟು ಮಾರಾಯ್ರೆ” ಎಂದು ಬಾನೆಟ್ ಎತ್ತುತ್ತಾರೆ.

ತೊಳೆಯುವುದಕ್ಕೆ ಕೊಟ್ಟಿಗೆಯಿಂದ ಹೊರಬರುವುದು ಅಡಿಕೆಗೆ ಮದ್ದು ಬಿಡುವ ಪಂಪು. ಕೊಳೆರೋಗ ಬರದಂತೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣವನ್ನು ನೆಲದಿಂದಲೇ ಮರದ ತುದಿಯ ಗೊನೆಗೆ ಮುಟ್ಟಿಸುವ ಯಂತ್ರ ಅದು. ಮಾಷ್ಟ್ರು ಅದನ್ನು ಒಂದಡಿ ದೂರದಿಂದ ಎಂಜಿನ್ನಿನ ನೆತ್ತಿಗೆ ಹಿಡಿಯುತ್ತಾರೆ. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ನೀರು ಸುರಿದಾಗ ಒಮ್ಮೆಯೂ ಕೆಮ್ಮದ ಕಾರು ಇಲ್ಲಿ ಸೋಲುತ್ತದೆ. ಮಳೆ ಬಾನೆಟ್ಟಿನ ಮೇಲೆ ಬಿದ್ದು ಹರಿದು ಹೋಗುತ್ತದೆ; ಪಂಪಿನ ನೀರು ಇಗ್ನಿಷನ್ ಕಾಯಿಲಿನ ರಬ್ಬರನ್ನು ದಾಟಿ, ಪ್ಲಗ್ ಕೂತ ಗುಂಡಿಗೆ ಇಳಿದು ಅಲ್ಲೇ ಬಿಡಾರ ಹೂಡುತ್ತದೆ. ಪ್ಲಗ್ಗಿನ ತುದಿಯಲ್ಲಿ ಹಾರಬೇಕಾದ ಕಿಡಿ ನೀರಿನ ದಾರಿ ಹಿಡಿದು ಎಂಜಿನ್ನಿನ ಲೋಹಕ್ಕೆ ಸೋರಿ ಹೋಗುತ್ತದೆ. ಮೂರು ಸಿಲಿಂಡರಿನ ಗಾಡಿ ಎರಡರಲ್ಲೇ ನಡೆಯುತ್ತದೆ. ಪಿಕಪ್ ಇಲ್ಲ, ನಿಂತಲ್ಲೇ ನಡುಕ, ಮೀಟರಿನಲ್ಲಿ ಹಳದಿ ದೀಪ. ಗ್ಯಾರೇಜಿನ ಭಾಷೆಯಲ್ಲಿ ‘ಮಿಸ್ಸಿಂಗ್ ಹೊಡೆಯುತ್ತದೆ’.

(ಡೀಸೆಲ್ ಗಾಡಿಯವರು ಇದನ್ನು ಕೇಳಿ ನಗುವುದುಂಟು. ಅವರ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ನಿಜ. ಆದರೆ ಸೆನ್ಸರು, ಕಪ್ಲರು ಅವರಿಗೂ ಉಂಟು.)

ಇನ್ನು ಅಭಿಪ್ರಾಯ ಸಂಗ್ರಹ. ಬಿ.ಸಿ. ರೋಡಿನ ಚಹಾದಂಗಡಿಯಲ್ಲಿ “ಎಥನಾಲ್ ಪೆಟ್ರೋಲಿನ ದೋಷ” ಎಂಬ ತೀರ್ಪು. ಬೆಳ್ತಂಗಡಿಯ ಭಾವನದು ಇನ್ನೂ ಗಟ್ಟಿ ಮದ್ದು: “ಒಮ್ಮೆ ಚಾರ್ಮಾಡಿ ಘಾಟಿ ಹತ್ತಿಸಿ ಭಾವ, ಕಾರ್ಬನ್ ಎಲ್ಲ ಉದುರಿ ಹೋಗ್ತದೆ.” ಮಾಷ್ಟ್ರು ಉಜಿರೆ ದಾಟಿ ಹೊರಟೂ ಬಿಡುತ್ತಾರೆ. ಅಷ್ಟರಲ್ಲಿ ದೀಪ ಮಿನುಗತೊಡಗುತ್ತದೆ. ಸುಮ್ಮನೆ ಉರಿಯುವ ದೀಪವಾದರೆ ತೋರಿಸಿಕೊಳ್ಳಿ ಎಂದರ್ಥ. ಮಿನುಗುವ ದೀಪವೆಂದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆಗೆ ಹೋಗಿ, ದುಬಾರಿ ಕೆಟಲಿಟಿಕ್ ಕನ್ವರ್ಟರನ್ನು ಸುಡುವ ಅಪಾಯವಿದೆ ಎಂದರ್ಥ. ಮಾಷ್ಟ್ರು ಅದನ್ನು ಘಾಟಿಯ ಚಳಿಗೆ ಕಾರು ಕಣ್ಣು ಮಿಟುಕಿಸುವುದೆಂದು ತಿಳಿಯುತ್ತಾರೆ.

ಕಡೆಗೆ ಮೂಡುಬಿದಿರೆಯ ಗ್ಯಾರೇಜು. ಸ್ಕ್ಯಾನರ್ ಪಿ0302 ಎನ್ನುತ್ತದೆ, ಅಂದರೆ ಎರಡನೇ ಸಿಲಿಂಡರು ಮಿಸ್ಸಿಂಗ್. ಮೆಕ್ಯಾನಿಕ್ ತಲೆ ಎತ್ತಿ, “ಮಾಷ್ಟ್ರೇ, ಎಂಜಿನ್ ತೊಳೆದಿದ್ದೀರಾ?” ಎನ್ನುತ್ತಾನೆ. ಈ ಒಂದು ಮಾತನ್ನು ಮಾಷ್ಟ್ರು ಎಲ್ಲಿಯೂ ಬಾಯಿ ಬಿಟ್ಟಿಲ್ಲ. ಹಲಸಿನ ಹಣ್ಣು ಮುಗಿಸಿ ಬಂದು ಡಾಕ್ಟ್ರ ಹತ್ತಿರ “ಬರೀ ಗಂಜಿ ಉಂಡದ್ದು” ಎನ್ನುವ ರೋಗಿಯ ಜಾತಿ. ತಪ್ಪು ಒಪ್ಪಿಕೊಳ್ಳಿ ಎಂದು ಇಡೀ ಸರ್ವೀಸು ಮಕ್ಕಳಿಗೆ ಬೋಧಿಸಿದವರು ಈಗ ಸ್ವರ ತಗ್ಗಿಸುತ್ತಾರೆ: “ತೊಳೆದದ್ದು ಅಂತ ಅಲ್ಲ, ಸ್ವಲ್ಪ ನೀರು ತಾಗಿಸಿದ್ದು.” ಎಂಜಿನ್ನು ಮಾತ್ರ ಶೋರೂಮಿನಲ್ಲಿ ನಿಂತ ಹಾಗೆ ಹೊಳೆಯುತ್ತಿರುತ್ತದೆ.

ಕಾಯಿಲು ಕಳಚಿ, ಗುಂಡಿಗೆ ಗಾಳಿ ಹೊಡೆದು, ಪ್ಲಗ್ ಒಣಗಿಸಿ, ಕಪ್ಲರುಗಳನ್ನು ಒರೆಸಿ ಕೂರಿಸಿದರೆ ಕೆಲಸ ಮುಗಿಯಿತು. ಏರ್ ಫಿಲ್ಟರು ನೆನೆದಿದ್ದರೆ ಅದೊಂದು ಹೊಸತು. ಮಾಷ್ಟ್ರು ದುಡ್ಡು ಎಣಿಸುತ್ತಾ, “ಬರುವ ವರ್ಷ ಪ್ಲಾಸ್ಟಿಕ್ ಕಟ್ಟಿಯೇ ತೊಳೆಯುವುದು” ಎನ್ನುತ್ತಾರೆ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದರೆ ನವರಾತ್ರಿಗೆ ಮೊದಲೇ ಪಂಪನ್ನು ಅಟ್ಟಕ್ಕೆ ಹಾಕಿ, ಎಂಜಿನ್ ತಣಿದ ಮೇಲೆ ಕೈಗೊಂದು ಒದ್ದೆ ಬಟ್ಟೆ, ಹಳೆಯ ಬ್ರಷ್ಷು ಕೊಡಿ. ಅಷ್ಟರಲ್ಲಿ ತೊಳೆದೇ ಬಿಟ್ಟಿದ್ದರೆ ಗ್ಯಾರೇಜಿಗೆ ನೀವೂ ಜೊತೆಗೆ ಹೋಗಿ. ನೀರಿನ ವಿಷಯ ಅವರು ಹೇಳಲಿಕ್ಕಿಲ್ಲ.