ನಿಜಲಿಂಗಪ್ಪನವರೇ, ದಯಮಾಡಿ ತಿರುಗಿ ಬರಬೇಡಿ

ಪೂಜ್ಯ ಎಸ್. ನಿಜಲಿಂಗಪ್ಪನವರಿಗೆ,

ಮೋಟೆಬೆನ್ನೂರಿನ ಒಬ್ಬ ಮೆಣಸಿನಕಾಯಿ ಬೆಳೆಗಾರನ ಸಾಷ್ಟಾಂಗ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಅಲ್ಲೇ ಕ್ಷೇಮವಾಗಿರಬೇಕೆಂದು ಕೋರಿ ಈ ಪತ್ರ. ‘ಅಲ್ಲೇ’ ಎಂಬುದನ್ನು ಸ್ವಲ್ಪ ಒತ್ತಿ ಓದಿಕೊಳ್ಳಬೇಕು.

ನಮ್ಮೂರ ಚಹಾದಂಗಡಿಯಲ್ಲಿ ತಮ್ಮ ಹೆಸರು ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಪೇಪರು ಓದುತ್ತಿದ್ದವರು ಯಾವುದೋ ಹಗರಣದ ಸುದ್ದಿಗೆ ಬಂದು ನಿಲ್ಲುತ್ತಾರೆ. ಗಿರಮಿಟ್ಟಿನ ಪ್ಲೇಟು ಕೆಳಗಿಟ್ಟು ಒಬ್ಬರು, “ನಿಜಲಿಂಗಪ್ಪನಂಥಾವ್ರು ಈಗ ಎಲ್ಲಿ ಅದಾರ್ರಿ?” ಅನ್ನುತ್ತಾರೆ. “ಹೌದ್ರಿ” ಎಂದು ಉಳಿದವರು ಉಸಿರು ಬಿಡುತ್ತಾರೆ. ಆಮೇಲೆ ಮಾತು ಮುಂದಿನ ಚುನಾವಣೆಯಲ್ಲಿ ಓಟಿಗೆ ಎಷ್ಟು ಹೋಗಬಹುದು ಎಂಬಲ್ಲಿಗೆ ಹೊರಳುತ್ತದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಯಿಗೆ ರೇಟು ಬಿದ್ದರೆ ನಾವು ಚೀಲ ಹೊಲಿದು ಕೋಲ್ಡ್ ಸ್ಟೋರೇಜಿಗೆ ಹಾಕುತ್ತೇವೆ. ಅಲ್ಲಿ ಬಣ್ಣ ಕೆಡುವುದಿಲ್ಲ. ರೇಟು ಏರಿದಾಗ ಹೊರಗೆ ತೆಗೆಯುತ್ತೇವೆ. ತಮ್ಮನ್ನೂ ಹಾಗೇ ಇಟ್ಟಿದ್ದೇವೆ. 1969ರಲ್ಲಿ ತಮ್ಮ ರೇಟು ನೆಲ ಕಚ್ಚಿತ್ತು. 2000ದ ಆಗಸ್ಟ್‌ನಲ್ಲಿ ತಾವು ತೀರಿಕೊಂಡ ಮೇಲೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ.

1969ರ ಮಾತು ಬಂತಲ್ಲ, ಅದನ್ನೂ ಆಡಿಬಿಡುತ್ತೇನೆ. ತಾವು ಕಾಂಗ್ರೆಸ್ ಅಧ್ಯಕ್ಷರು. ರಾಷ್ಟ್ರಪತಿ ಚುನಾವಣೆಗೆ ಪಕ್ಷ ನಿಲ್ಲಿಸಿದ್ದು ಸಂಜೀವ ರೆಡ್ಡಿಯವರನ್ನು. ಪ್ರಧಾನಿ ‘ಆತ್ಮಸಾಕ್ಷಿಯ ಮತ’ ಎಂದು ವಿ. ವಿ. ಗಿರಿಯವರನ್ನು ಗೆಲ್ಲಿಸಿದರು. ಪಕ್ಷದ ಶಿಸ್ತು ಮುರಿದವರು ಯಾರಾದರೇನು ಎಂದು ನವೆಂಬರ್‌ನಲ್ಲಿ ತಾವು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಗೆ ಹಾಕಿದಿರಿ. ಈಗ ಬೂತ್ ಏಜೆಂಟನನ್ನು ಹೊರಗೆ ಹಾಕುವುದಕ್ಕೂ ಎದೆಗಾರಿಕೆ ಬೇಕು, ಬಿಡಿ. (ತಮ್ಮನ್ನು ಪೂರ್ತಿ ದೇವರು ಮಾಡಲು ನನಗೂ ಮನಸ್ಸಿಲ್ಲ. ಅದೇ ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ತಾವು ಜನಸಂಘ, ಸ್ವತಂತ್ರ ಪಕ್ಷದವರ ಬಳಿಗೂ ಹೋಗಿದ್ದಿರಿ. ಚಹಾದಂಗಡಿಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.)

ಪಕ್ಷ ಒಡೆಯಿತು. ಕೊನೆಗೆ ಕಾಂಗ್ರೆಸ್ಸಿನ ಜೋಡೆತ್ತಿನ ಗುರುತು ಇಬ್ಬರಿಗೂ ದಕ್ಕಲಿಲ್ಲ. ಇಂದಿರಾ ಅವರಿಗೆ ಆಕಳು-ಕರು, ತಮಗೆ ಚರಕದ ಮುಂದೆ ಕೂತ ಹೆಣ್ಣುಮಗಳು. 1971ರಲ್ಲಿ ಈ ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಆಕಳೇ ಮೇಯ್ದು ಹೋಯಿತು. ನಮ್ಮಪ್ಪ ಖಾದಿ ಟೊಪ್ಪಿಗೆಯ ಮನುಷ್ಯ, ತಮ್ಮ ಭಕ್ತ. ಅವನೂ ಅಂದು ಆಕಳಿಗೇ ಒತ್ತಿದ. ಮನೆಗೆ ಬಂದವನೇ ಪಡಸಾಲೆಯಲ್ಲಿದ್ದ ತಮ್ಮ ಫೋಟೊ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಒರೆಸಿ, ಮತ್ತೆ ಮೊಳೆಗೆ ಹಾಕಿದ.

ಅದಕ್ಕೂ ಮೊದಲು, 1962ರ ವಿಧಾನಸಭಾ ಚುನಾವಣೆಯಲ್ಲಿ, ಹೊಸದುರ್ಗದಲ್ಲಿ ತಾವು ಸೋತಿರಿ. ತಮ್ಮ ಬದಲಿಗೆ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ಮಾರ್ಚ್‌ನಲ್ಲಿ ಕೂತವರು, ತಾವು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಜೂನ್‌ನಲ್ಲಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತಿ, “ಯಾಕಜ್ಜ, ಅವರಿಗೆ ಆರಾಮ ಇರಲಿಲ್ಲೇನು?” ಅಂದ. ಅವನದೇನು ತಪ್ಪು? ನಮ್ಮ ಕಡೆ ಪಂಚಾಯ್ತಿ ಅಧ್ಯಕ್ಷಗಿರಿಗೂ ನಿನಗೆ ಹದಿನೈದು ತಿಂಗಳು, ನನಗೆ ಹದಿನೈದು ತಿಂಗಳು ಎಂದು ದೇವರಗುಡ್ಡದ ಭಂಡಾರ ಮುಟ್ಟಿ ಆಣೆ ಮಾಡುತ್ತಾರೆ. ಹದಿನೈದು ತುಂಬಿದ ದಿನ ಅಧ್ಯಕ್ಷರಿಗೆ ಎದೆನೋವು ಬರುತ್ತದೆ.

ಇನ್ನು ಮುಂಬಯಿಯ ವಿಷಯ. ನಾವು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯವರಾಗಿದ್ದೆವು. ಮೊರಾರ್ಜಿ ದೇಸಾಯಿಯವರು ಮುಖ್ಯಮಂತ್ರಿ, ಊರಿಗೆಲ್ಲ ಪಾನನಿಷೇಧ. ಕುಡಿಯುವವರು ಆಗ ಕದ್ದು ಹೋಗಬೇಕಿತ್ತು. ಈಗ ಚುನಾವಣೆ ಬಂದರೆ ಮನೆಗೇ ಬರುತ್ತದೆ. ಇರಲಿ. ತಾವೆಲ್ಲ ಏಕೀಕರಣಕ್ಕೆ ಹೋರಾಡಿ ನಮ್ಮನ್ನು ಮುಂಬಯಿಯಿಂದ ಬಿಡಿಸಿಕೊಂಡು ಬಂದಿರಿ. 1956ರ ನವೆಂಬರ್ 1ರಂದು ಒಂದಾದ ರಾಜ್ಯಕ್ಕೆ ತಾವೇ ಮೊದಲ ಮುಖ್ಯಮಂತ್ರಿ. 2019ರಲ್ಲಿ ಇದ್ದ ಸರ್ಕಾರ ಬೀಳಿಸಿ ಅನರ್ಹರಾದ 17 ಶಾಸಕರಲ್ಲಿ ಇಬ್ಬರು ನಮ್ಮ ಹಾವೇರಿ ಜಿಲ್ಲೆಯವರು, ರಾಣೇಬೆನ್ನೂರಿನವರೊಬ್ಬರು, ಹಿರೇಕೆರೂರಿನವರೊಬ್ಬರು. ಆ ಗುಂಪು ಹೋಗಿ ಬೀಡುಬಿಟ್ಟದ್ದು ಎಲ್ಲಿ ಗೊತ್ತೇ? ಮುಂಬಯಿಯ ಹೋಟೆಲಿನಲ್ಲಿ. ತಾವು ಪಟ್ಟ ಶ್ರಮವೆಲ್ಲ ಒಂದು ವಿಮಾನದ ಟಿಕೆಟ್ಟಿನಲ್ಲಿ ಚುಕ್ತಾ ಆಯಿತು. ಹಾಗೆಂದು ಅವರನ್ನು ಬೈಯಲೂ ಬಾಯಿಲ್ಲ. ಹಿರೇಕೆರೂರಿನಲ್ಲಿ 2018ರಲ್ಲಿ 555 ಓಟಿನಿಂದ ಗೆದ್ದಿದ್ದವರನ್ನು, ಪಕ್ಷ ಬದಲಿಸಿ ಬಂದ ಮೇಲೆ ಸಾವಿರಗಟ್ಟಲೆ ಓಟಿನಿಂದ ಆರಿಸಿ ಕಳಿಸಿದವರು ನಮ್ಮವರೇ.

ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ತಮ್ಮ ಸ್ಮಾರಕವಿದೆ. ಅದರ ಮುಂದಿನ ಹೆದ್ದಾರಿ 48 ನಮ್ಮೂರಿಗೂ ಬರುತ್ತದೆ. ಹಾಗಾಗಿ ಭಯ. ಎಲ್ಲಾದರೂ ಎದ್ದು ಬಂದುಬಿಟ್ಟರೆ? ನನ್ನ ಅಳಿಯನ ವರ್ಗಾವಣೆ ಆಗಬೇಕಿದೆ. ತಾವು ನಿಯಮ ಏನು ಹೇಳುತ್ತದೆ ಎಂದು ಕೇಳುತ್ತೀರಿ. ಜಾತ್ರೆಗೆ ದೇಣಿಗೆ ಕೇಳಿದರೆ ಸ್ವಂತ ಜೇಬಿನಿಂದ ನೂರು ರೂಪಾಯಿ ಕೊಟ್ಟು ರಸೀದಿ ಕೇಳುತ್ತೀರಿ. ಹಿಂದೆ ಹತ್ತು ಕಾರಿಲ್ಲದೆ ಬಂದಿಳಿದರೆ ಯಾರೋ ಪಿಂಚಣಿ ಕೇಳಲು ಬಂದ ಹಿರಿಯರೆಂದು ಹುಡುಗರು ತಮಗೆ ತಹಶೀಲ್ದಾರ್ ಕಚೇರಿಯ ದಾರಿ ತೋರಿಸುತ್ತಾರೆ.

ನಮ್ಮ ಮೈಲಾರ ಮಹಾದೇವಪ್ಪನವರಿಂದ ಅಂಥ ತೊಂದರೆಯಿಲ್ಲ. ಗಾಂಧೀಜಿಯವರ ಜತೆ ದಂಡಿಗೆ ನಡೆದವರು, ಇದೇ ಊರಿನ ಮಗ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಿದ್ದಾಗ ಮೂವತ್ತೆರಡೂ ತುಂಬಿರಲಿಲ್ಲ. ಓಟು ಕೇಳುವಷ್ಟು ದಿನ ಬದುಕಲಿಲ್ಲ. ನಾವು ಅವರನ್ನು ಸೋಲಿಸುವ ಪ್ರಸಂಗವೂ ಬರಲಿಲ್ಲ.

ತಮ್ಮ ಫೋಟೊ ಈಗಲೂ ಪಡಸಾಲೆಯಲ್ಲಿದೆ, ಪಕ್ಕದಲ್ಲಿ ಮಹಾದೇವಪ್ಪನವರದು. ಕಳೆದ ಚುನಾವಣೆಯ ಹಿಂದಿನ ರಾತ್ರಿ ಎರಡೂ ಪಕ್ಷದವರು ಬಂದು ಹೋದರು. ಟ್ರಂಕಿನ ಬೀಗ ಕೆಟ್ಟಿತ್ತು. ಒಬ್ಬರ ಕವರನ್ನು ತಮ್ಮ ಹಿಂದೆ ಸಿಕ್ಕಿಸಿದೆ, ಇನ್ನೊಬ್ಬರದನ್ನು ಮಹಾದೇವಪ್ಪನವರ ಹಿಂದೆ. ಯಾರದು ಯಾವುದೆಂದು ಲೆಕ್ಕ ತಪ್ಪಬಾರದಲ್ಲ.

ಇಂತಿ ತಮ್ಮ ಅಭಿಮಾನಿ,
ಮೋಟೆಬೆನ್ನೂರು